ಪ್ರೀತಿಯೊಂದೇ ಸಾಕೆ?

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಊರು ಬಿಟ್ಟು ಹೈದರಾಬಾದಿಗೆ ಬಂದು ನೆಲೆನಿಂತ ನಮ್ಮಂಥವರ ಮನೆಗಳಿಗೆ ಹಾಸಿಗೆ ಪಾತ್ರೆಗಳ ಜೊತೆಗೆ ಇಂಥ ಗಾದೆಗಳೂ ಬಂದಿವೆ. ಮಗುವಿಗೆ ಕಾಯಿಲೆಯಾದಾಗ ನಾವು ಈ ಗಾದೆಯನ್ನೇ ನೆಚ್ಚಿ ಕೂರುತ್ತೇವೆ. ಪ್ರೀತಿಸುವ ತಾಯಿ ಇದ್ದಾಳೆ, ಜೀವ ಬಿಡುವ ಅಜ್ಜಿ ಇದ್ದಾಳೆ, ಇನ್ನೇನು ಬೇಕು ಎಂದುಕೊಳ್ಳುತ್ತೇವೆ. ಆದರೆ ಪ್ರೀತಿಯೊಂದೇ ಸಾಕೆ? ಪ್ರೀತಿಸುವವರ ಕೈಯಿಂದಲೇ ಮಗುವಿಗೆ ಕೇಡಾದರೆ ಆ ಪ್ರೀತಿಯನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ನಮಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಮನೆಯಲ್ಲಿ ಎದ್ದದ್ದು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ.

1984ರ ಮಳೆಗಾಲ. ಕಾಚಿಗುಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಮಗಳಿಗೆ ಹದಿನಾಲ್ಕು ತಿಂಗಳು. ರಾಯಚೂರಿನಿಂದ ಅವ್ವ ಬಂದಿದ್ದಳು. ಕೆಲಸ ಹುಡುಕುತ್ತ ಬಂದ ತಮ್ಮನೂ ನಮ್ಮಲ್ಲೇ ಇದ್ದ. ಒಂದು ರಾತ್ರಿ ಮಗುವಿಗೆ ವಾಂತಿ ಶುರುವಾಯಿತು. ಬೆಳಗಿನ ಹೊತ್ತಿಗೆ ಭೇದಿ. ಅವ್ವ ಏಳು ಮಕ್ಕಳನ್ನು ಹೆತ್ತವಳು, ಐವರನ್ನು ಉಳಿಸಿಕೊಂಡವಳು. "ನೀರು ಕುಡಿಸಿದ್ರ ಮತ್ತ ನೀರಾಗೇ ಹೋಗ್ತದ. ಹೊಟ್ಟಿ ಸ್ವಲ್ಪ ಒಣಗ್ಲಿ, ತಾನೇ ನಿಂದರ್ತದ" ಎಂದಳು. ಏಳು ಹೆತ್ತವಳ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮಗು ನೀರಿನ ಚೊಂಬಿನ ಕಡೆ ಕೈ ಚಾಚಿತು, ಚೊಂಬನ್ನು ಸರಿಸಿಟ್ಟೆವು. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದರೆ ಆ ಬಟ್ಟೆಯನ್ನೇ ಚೀಪಲು ನೋಡಿತು, ಬಟ್ಟೆಯನ್ನೂ ತೆಗೆದೆವು. ಮಧ್ಯಾಹ್ನದ ಮೇಲೆ ಅಳು ನಿಂತಿತು. ಭೇದಿಯೂ ಕಡಿಮೆಯಾದಂತೆ ಕಂಡಿತು. ಮಗು ಸುಮ್ಮನೆ ಮಲಗಿದ್ದನ್ನು ಕಂಡು, ಗುಣವಾಗುತ್ತಿದೆ ಎಂದು ನಾವೆಲ್ಲ ಸಮಾಧಾನಪಟ್ಟೆವು.

ಸಂಜೆ ಪಕ್ಕದ ಮನೆಯ ತೆಲುಗು ಗೃಹಿಣಿ ಬಂದು ನೋಡಿದವರೇ ಗಾಬರಿಯಾಗಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದರು. ಅಲ್ಲಿ ಮಗುವನ್ನು ಕೈಗೆತ್ತಿಕೊಂಡ ಸಿಸ್ಟರ್ ಕೇರಳದ ಕಡೆಯವರು. ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರು. ಅದು ಮಡಿಕೆಯಾಗಿಯೇ ನಿಂತು ಮೆಲ್ಲಗೆ ಇಳಿಯಿತು. ಗುಳಿಬಿದ್ದ ಕಣ್ಣುಗಳನ್ನು ನೋಡಿದರು. ಆಮೇಲೆ ತಮ್ಮ ಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯಲ್ಲಿ ದೊಡ್ಡವರು ನಾಲ್ಕು ಜನ. ನಾಲ್ವರಿಗೂ ಆ ಮಗುವೆಂದರೆ ಪ್ರಾಣ. ದೇವರಿಗೆ ಹರಕೆ ಹೊತ್ತಿದ್ದೆವು, ದೃಷ್ಟಿ ತೆಗೆದಿದ್ದೆವು, ಸರದಿಯ ಮೇಲೆ ಎತ್ತಿಕೊಂಡು ಓಡಾಡಿದ್ದೆವು. ಆದರೆ ಸಿಸ್ಟರ್ ಕೇಳಿದ ಪ್ರಶ್ನೆಗೆ ಉತ್ತರ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. "ಅಳು ನಿಂತದ್ದು ನೋವು ಹೋಗಿದ್ದಕ್ಕಲ್ಲ, ಅಳಲು ಶಕ್ತಿ ಇಲ್ಲದ್ದಕ್ಕೆ" ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದರು. ಮಗು ಉಳಿಯಿತು. ಇಂದು ಅವಳಿಗೇ ಬೆಳೆದ ಮಕ್ಕಳಿದ್ದಾರೆ. ಆದರೆ ಆ ಪ್ರಶ್ನೆ ನಮ್ಮನ್ನು ಬಿಟ್ಟು ಹೋಗಿಲ್ಲ.

ಶುಶ್ರೂಷೆ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಅದರ ಮೂಲಾರ್ಥವನ್ನು ಯೋಚಿಸುವವರು ಕಡಿಮೆ. ಶ್ರುತಿ, ಶ್ರವಣ, ಶ್ರೋತೃ ಎಂಬ ಶಬ್ದಗಳು ಯಾವ ಧಾತುವಿನಿಂದ ಬಂದವೋ ಅದೇ ಧಾತುವಿನಿಂದ ಈ ಶಬ್ದವೂ ಬಂದಿದೆ. ತಿಳಿಯುವ ಬಯಕೆ ಜಿಜ್ಞಾಸೆಯಾದಂತೆ, ಕೇಳುವ ಬಯಕೆ ಶುಶ್ರೂಷೆ. ಗುರುವಿನ ಮಾತು ಕೇಳಲು ಕಾದು ಕೂರುವ ಶಿಷ್ಯನ ಸೇವೆಗೆ ಮೊದಲು ಈ ಹೆಸರಿತ್ತು. ಬರಬರುತ್ತ ರೋಗಿಯ ಸೇವೆಗೂ ಅದೇ ಹೆಸರು ನಿಂತಿತು. ಅದೆಷ್ಟು ಸರಿಯಾಗಿದೆ! ರೋಗಿಯನ್ನು ಗುರುವಿನಂತೆ ಕೇಳಿಸಿಕೊಳ್ಳಬೇಕು. ಹದಿನಾಲ್ಕು ತಿಂಗಳ ಕೂಸು ಚೊಂಬಿನ ಕಡೆ ಕೈ ಚಾಚಿದಾಗ ಅದು ಮಾತಾಡಿತ್ತು. ಒದ್ದೆ ಬಟ್ಟೆಯನ್ನು ಚೀಪಿದಾಗ ಎರಡನೆಯ ಸಲ ಹೇಳಿತ್ತು. ಕೇಳುವ ಬಯಕೆ ನಮಗಿರಲಿಲ್ಲ, ಏಕೆಂದರೆ ಮಗುವಿಗೆ ಏನು ಒಳ್ಳೆಯದೆಂದು ನಮಗೆ ಮೊದಲೇ ಗೊತ್ತಿದೆ ಎಂದು ನಾವು ನಂಬಿದ್ದೆವು.

ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಶುಶ್ರೂಷೆ ಮಾಡುವವನು ವೈದ್ಯನ ಆಳು ಎಂದು ಅಲ್ಲಿ ಹೇಳಿಲ್ಲ. ಅವನೂ ಒಂದು ಪಾದ. ಅವನಿಗಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ಕೈಯ ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಅನುರಾಗ ಇಲ್ಲಿ ನಾಲ್ಕರಲ್ಲಿ ಒಂದು. ಅಂದರೆ ಪ್ರೀತಿ ಶುಶ್ರೂಷೆಯ ಕಾಲು ಪಾಲು. ಉಳಿದ ಮುಕ್ಕಾಲು ಪಾಲನ್ನು ಕಲಿತೇ ಸಂಪಾದಿಸಬೇಕು.

ಮೊದಲನೆಯದು ಅರಿವು. ಭೇದಿಯಾದ ಮಗುವನ್ನು ಕೊಲ್ಲುವುದು ಹೆಚ್ಚಾಗಿ ಭೇದಿಯಲ್ಲ, ಅದರೊಡನೆ ಹೊರಟುಹೋಗುವ ನೀರು ಮತ್ತು ಲವಣ. ಕರುಳು ಕೆಟ್ಟಾಗ ಬರಿಯ ನೀರನ್ನು ಅದು ಸರಿಯಾಗಿ ಹೀರಿಕೊಳ್ಳದು. ಆದರೆ ಉಪ್ಪು ಮತ್ತು ಸಕ್ಕರೆ ಹದವಾಗಿ ಕೂಡಿ ಬಂದರೆ, ಕರುಳಿನ ಗೋಡೆಯಲ್ಲಿ ಸಕ್ಕರೆಯು ಉಪ್ಪಿನ ಕೈಹಿಡಿದು ಒಳಗೆ ಹೋಗುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಈ ಬಾಗಿಲು ಭೇದಿಯಲ್ಲೂ ಮುಚ್ಚುವುದಿಲ್ಲ. ಇಷ್ಟು ಸರಳವಾದ ಸಂಗತಿ ಜಗತ್ತಿಗೆ ಮನದಟ್ಟಾದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ಗೆ ಹರಿದು ಬಂದರು. ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ಪೊಟ್ಟಣಗಳನ್ನು ಮಾಡಿಸಿ, ನೀರಿನಲ್ಲಿ ಕದಡಿ ರೋಗಿಗಳ ಬಂಧುಗಳ ಕೈಗೇ ಕೊಟ್ಟರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಅಲ್ಲಿ ದಾದಿಯರಾದವರು ಯಾರು? ನೆಲದ ಮೇಲೆ ರೋಗಿಯ ಪಕ್ಕ ಕುಳಿತಿದ್ದ ತಾಯಿ, ಅಕ್ಕ, ಚಿಕ್ಕಪ್ಪ. ಪ್ರೀತಿ ಅವರಲ್ಲಿ ಮೊದಲೂ ಇತ್ತು. ಅರಿವು ಕೂಡಿದ ಮೇಲೆ ಆ ಪ್ರೀತಿ ಫಲಿಸಿತು.

ಗಾದೆಯನ್ನು ಈಗ ಮತ್ತೆ ಓದಿ ನೋಡೋಣ. ಉಪ್ಪೂ ತಾಯಿಯೂ ಒಂದೇ ಸಾಲಿನಲ್ಲಿ ಬಂದಿರುವುದು ನಮಗೆ ಬೇರೆಯೇ ಆಗಿ ಕಾಣುತ್ತದೆ. ನಮ್ಮ ಹಿರಿಯರಿಗೆ ಗಂಜಿ ಗೊತ್ತಿತ್ತು. ಅತಿಸಾರಕ್ಕೆ ಅಕ್ಕಿಯ ಗಂಜಿ ಕೊಡುವ ಪದ್ಧತಿ ಆಯುರ್ವೇದದಷ್ಟೇ ಹಳೆಯದು. ಅಕ್ಕಿಯ ಗಂಜಿಗೆ ಹದವಾಗಿ ಉಪ್ಪು ಬೆರೆಸಿದ ದ್ರಾವಣ ಸಕ್ಕರೆಯ ದ್ರಾವಣದಂತೆಯೇ ಕೆಲಸ ಮಾಡುತ್ತದೆಂದು ಆಮೇಲಿನ ವೈದ್ಯರು ಪರೀಕ್ಷಿಸಿ ಕಂಡಿದ್ದಾರೆ. ಹೊಟ್ಟೆ ಒಣಗಲಿ ಎಂಬ ಮಾತೂ ಗಂಜಿಯ ತಿಳಿಯೂ ಎರಡೂ ಅಜ್ಜಿಯಂದಿರ ಬುತ್ತಿಯಲ್ಲೇ ಇದ್ದವು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದೇ ಅರಿವು. ಹಳೆಯದೆಲ್ಲ ಒಳ್ಳೆಯದೆಂಬುದೂ ಹಳೆಯದೆಲ್ಲ ಮೌಢ್ಯವೆಂಬುದೂ ಎರಡೂ ಸೋಮಾರಿಗಳ ಮಾತು.

ಎರಡನೆಯದು ದಕ್ಷತೆ. ಆ ರಾತ್ರಿ ಸಿಸ್ಟರ್ ನಮ್ಮ ಮನೆಯವರಿಗೆ ಕಲಿಸಿದ್ದು ಒಂದು ಚಮಚದ ವಿದ್ಯೆ. ಬಾಯಾರಿದ ಮಗು ಗಟಗಟನೆ ಕುಡಿದರೆ ವಾಂತಿಯಾಗುತ್ತದೆ. ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು. ವಾಂತಿ ತಗ್ಗಿದೊಡನೆ ಮೆದು ಅನ್ನ, ಮೊಸರು, ಬಾಳೆಹಣ್ಣು. ಕೇಳಲು ಎಷ್ಟು ಸುಲಭ! ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಚಮಚ ಎತ್ತಿಳಿಸಿ ನೋಡಿ, ಆಗ ತಿಳಿಯುತ್ತದೆ ಅದರ ತೂಕ. ಮಕ್ಕಳ ರೋಗಗಳಿಗೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ, ಮಾತು ಬಾರದ ಶಿಶುವಿನ ನೋವನ್ನು ತಿಳಿಯುವುದು ಹೇಗೆ ಎಂಬುದಕ್ಕೇ ಒಂದು ಅಧ್ಯಾಯವಿದೆ. ಹೊಟ್ಟೆಶೂಲೆಯ ಮಗು ಮೊಲೆಯನ್ನು ತಳ್ಳುತ್ತದೆ, ಅಳುತ್ತದೆ, ಹೊಟ್ಟೆ ಬಿಗಿಯಾಗುತ್ತದೆ, ಮುಖ ಬೆವರುತ್ತದೆ ಎಂದು ಅಲ್ಲಿ ಹೇಳಿದೆ. ಬರೆದವನು ಎಷ್ಟು ಕೂಸುಗಳ ಮುಂದೆ ಎಷ್ಟು ಹೊತ್ತು ಕುಳಿತು ನೋಡಿರಬೇಕು! ಇಂದಿನ ದಾದಿಯರೂ ಹಾಗೆಯೇ ನೋಡುತ್ತಾರೆ. ಚೆನ್ನಾಗಿದ್ದ ಕೂಸು ಬಿಟ್ಟುಬಿಟ್ಟು ಕಿರುಚಿ ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡರೆ, ನಡುವೆ ಸೋತು ಬಿದ್ದರೆ, ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಉಬ್ಬಿದ ಹೊಟ್ಟೆ, ಕುಡಿಯಲಾರದಷ್ಟು ಮಂಪರು, ಆರೇಳು ಗಂಟೆ ಮೂತ್ರವಿಲ್ಲದಿರುವುದು—ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನ ಮಾತು ಬಿಟ್ಟು ಹೊರಡಬೇಕು.

ಶೌಚವೆಂಬ ಗುಣದಲ್ಲಿ ನಮ್ಮ ಸಮಾಜದ ದೊಡ್ಡ ಗಂಟೊಂದು ಅಡಗಿದೆ. ಹೊಟ್ಟೆಯ ಕಾಯಿಲೆಯ ಶುಶ್ರೂಷೆ ಎಂದರೆ ಮಲ, ವಾಂತಿಗಳ ಜೊತೆ ಬದುಕುವುದು. ನಾವು ಮೂಗು ಮುಚ್ಚಿ ಮುಖ ತಿರುಗಿಸುವಲ್ಲಿ ದಾದಿ ಬಗ್ಗಿ ನೋಡುತ್ತಾಳೆ: ಬಣ್ಣವೇನು, ಎಷ್ಟು ಸಲ, ರಕ್ತವಿದೆಯೇ, ಲೋಳೆಯಿದೆಯೇ. ಮಗು ಬಾಯಿಂದ ಹೇಳಲಾರದ್ದನ್ನು ಅಲ್ಲಿ ಓದಿಕೊಳ್ಳುತ್ತಾಳೆ. ನಮ್ಮ ಮಡಿಯು ಹೊಲಸಿನಿಂದ ದೂರವಿರುವುದನ್ನು ಕಲಿಸಿತು. ಶುಶ್ರೂಷೆಯ ಶೌಚವು ಹೊಲಸನ್ನು ಕೈಯಿಂದ ಮುಟ್ಟಿ, ತೆಗೆದು, ಸೋಪು ಹಾಕಿ ಕೈ ತೊಳೆಯುವುದನ್ನು ಕಲಿಸುತ್ತದೆ. ಈ ಎರಡಕ್ಕೂ ಅಜಗಜಾಂತರ. ಮಗುವಿನ ಬಟ್ಟೆ ತೊಳೆದವರ ಕೈ ಕೀಳಾಯಿತೆಂದು ಎಣಿಸುವ ಮನೆಯಲ್ಲಿ ಒಳ್ಳೆಯ ಶುಶ್ರೂಷೆ ಹುಟ್ಟಲಾರದು. ದಾದಿಯ ಕೆಲಸವನ್ನು ನಾವು ಹೊಗಳುತ್ತೇವೆ, ಆದರೆ ನಮ್ಮ ಮಗಳು ಆ ಕೆಲಸಕ್ಕೆ ಹೋಗುತ್ತೇನೆಂದರೆ ಮುಖ ಸಿಂಡರಿಸುತ್ತೇವೆ. ಆ ಹೊಗಳಿಕೆಯಲ್ಲಿ ಏನು ಸತ್ಯವಿದೆ?

ಸುಮಾರು 5,000 ಶಿಶುಗಳಲ್ಲಿ ಒಂದು ಮಲದ್ವಾರ ಸರಿಯಾಗಿ ರೂಪುಗೊಳ್ಳದೆಯೇ ಹುಟ್ಟುತ್ತದೆ. ಅಂಥ ಅನೇಕ ಮಕ್ಕಳಿಗೆ ಶಸ್ತ್ರವೈದ್ಯರು ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಒಂದು ದಾರಿ ಮಾಡಿ, ತಿಂಗಳುಗಳ ಮೇಲೆ ಹಂತಹಂತವಾಗಿ ಸರಿಪಡಿಸುತ್ತಾರೆ. ಆ ತಿಂಗಳುಗಳಲ್ಲಿ ವೈದ್ಯರ ಕೆಲಸ ಕೆಲವು ಗಂಟೆಗಳದ್ದು, ತಾಯಿಯದು ಹಗಲು ರಾತ್ರಿಯದು. ಚರ್ಮ ಹುಣ್ಣಾಗದಂತೆ ತೊಳೆದು ಒರೆಸಬೇಕು, ಮೆತ್ತನೆಯ ಹತ್ತಿ ಬಟ್ಟೆ ಬದಲಿಸುತ್ತಲೇ ಇರಬೇಕು. ಅದಕ್ಕಿಂತ ಕಷ್ಟವಾದದ್ದು ನೆರೆಹೊರೆಯವರ ನೋಟವನ್ನು ಸಹಿಸುವುದು. ಮದುವೆ ಮುಂಜಿಗಳಿಗೆ ಆ ಮಗುವನ್ನು ಕರೆದೊಯ್ಯದೆ ಬಚ್ಚಿಡುವ ಮನೆಗಳುಂಟು. ಮಗು ಬೆಳೆಯುತ್ತ ಮೊದಲು ಕಲಿಯುವುದು ತನ್ನ ದೇಹವನ್ನು ಕಂಡು ತಾಯಿಯ ಮುಖದಲ್ಲಿ ಏನು ಮೂಡುತ್ತದೆ ಎಂಬುದನ್ನು. ಅಸಹ್ಯವಿಲ್ಲದ ಮುಖವೇ ಆ ಮಗುವಿಗೆ ಸಿಗಬಹುದಾದ ಮೊದಲ ಮದ್ದು ಎಂದು ನಮಗನ್ನಿಸುತ್ತದೆ.

ಶೌಚ ಒಂದು ಮನೆಯ ಮಾತೂ ಅಲ್ಲ. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗುವುದಿಲ್ಲ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ನಾವೂ ಹಾಗೆಯೇ ಉಳಿದವರು. ಆ ನೀರಿನ ಹಿಂದೆ ಒಬ್ಬ ಕನ್ನಡಿಗನ ಬುದ್ಧಿಯಿದೆ. 1908ರಲ್ಲಿ ಮೂಸಿ ನದಿಯ ಮಹಾಪೂರ ನಗರವನ್ನು ನುಂಗಿದ ಮೇಲೆ, ನಿಜಾಮರ ಸರ್ಕಾರ 1909ರಲ್ಲಿ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು 1920ರ ದಶಕದಲ್ಲಿ ನಗರಕ್ಕೆ ಒದಗಿದವು. ಕೊಳಚೆ ನೀರಿನ ಚರಂಡಿಯ ಯೋಜನೆಯನ್ನೂ ಅವರು ಹಾಕಿಕೊಟ್ಟರು. ಕುಡಿಯುವ ನೀರು ಬೇರೆ, ಕೊಳಚೆ ನೀರು ಬೇರೆ ಹರಿಯುವಂತೆ ಮಾಡಿದವನೂ ನಾವು ಕಾಣದ ಎಷ್ಟೋ ಮಕ್ಕಳ ಶುಶ್ರೂಷೆ ಮಾಡಿದವನೇ. ನಲ್ಲಿಯ ಕೊಳವೆ ಒಡೆದು ಚರಂಡಿ ನೀರು ಬೆರೆತಾಗ ದೂರು ಕೊಡದೆ, ನಮ್ಮ ಮನೆಗೆ ಫಿಲ್ಟರ್ ಇದೆಯಲ್ಲ ಎಂದು ಸುಮ್ಮನಿರುವವರು ಈ ಮಾತನ್ನು ನೆನೆಯಬೇಕು. ನಮ್ಮ ಮನೆಗೆಲಸದಾಕೆಯ ಮನೆಯಲ್ಲಿ ಫಿಲ್ಟರ್ ಇದೆಯೆ?

ಇನ್ನು ಅನುರಾಗ. ಅದು ಹೆತ್ತವರಿಗೆ ಮಾತ್ರ ಸೇರಿದ್ದೆಂದು ನಾವು ತಿಳಿದಿದ್ದೇವೆ. ರೆಡ್ ಹಿಲ್ಸ್‌ನ ನಿಲೋಫರ್ ಆಸ್ಪತ್ರೆಯ ಹೆಸರನ್ನು ಈ ನಗರದಲ್ಲಿ ಮಕ್ಕಳಿರುವವರೆಲ್ಲ ಬಲ್ಲರು. ಬೀದರ್, ಕಲಬುರಗಿ ಕಡೆಯ ತಾಯಂದಿರೂ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಅಲ್ಲಿಗೆ ಬರುತ್ತಾರೆ. ಕೊನೆಯ ನಿಜಾಮರ ಸೊಸೆ ನಿಲೋಫರ್ ರಾಜಕುಮಾರಿಗೆ ಮಕ್ಕಳಿರಲಿಲ್ಲ. 1949ರಲ್ಲಿ ಅವರ ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಇನ್ನು ಮುಂದೆ ಬೇರೆ ತಾಯಂದಿರಿಗೆ ಹೀಗಾಗಬಾರದೆಂದು ಅವರು ಹಿಡಿದ ಹಟದಿಂದ 1953ರಲ್ಲಿ ತಾಯಿ ಮಕ್ಕಳ ಆ ಆಸ್ಪತ್ರೆ ನಿಂತಿತು. ಹೆರದವಳ ಹೆಸರನ್ನು ಲಕ್ಷಾಂತರ ತಾಯಂದಿರು ಹೇಳುವಂತಾಯಿತು. ನಮ್ಮ ಮಗುವನ್ನು ಉಳಿಸಿದ ಆ ಕೇರಳದ ಸಿಸ್ಟರ್‌ಗೂ ನಮಗೂ ಯಾವ ಬಂಧುತ್ವ? ತಮ್ಮ ಮಕ್ಕಳನ್ನು ಊರಿನ ಅಜ್ಜಿಯ ಹತ್ತಿರ ಬಿಟ್ಟು ಬಂದು ನಮ್ಮ ಮಕ್ಕಳಿಗೆ ಚಮಚ ಹಿಡಿಯುವವರು ಅವರು. ತಾಯಿಗಿಂತ ಬಂಧುವಿಲ್ಲ, ನಿಜ. ಆದರೆ ತಾಯ್ತನ ಹೆತ್ತವಳೊಬ್ಬಳ ಸೊತ್ತಲ್ಲ.

ಶುಶ್ರೂಷೆ ಕೇಳುವ ಬಯಕೆಯಾದರೆ, ಅದಕ್ಕೆ ದೊಡ್ಡ ಶತ್ರು ಸುಳ್ಳು ಮಾತು. ಓ.ಆರ್.ಎಸ್. ಎಂಬ ಮೂರಕ್ಷರಗಳನ್ನು ನಂಬಿ ತಾಯಂದಿರು ಅಂಗಡಿಯಿಂದ ಸಕ್ಕರೆ ತುಂಬಿದ ಪಾನೀಯದ ಡಬ್ಬಿಗಳನ್ನು ತಂದು ಭೇದಿಯಾದ ಮಕ್ಕಳಿಗೆ ಕುಡಿಸುತ್ತಿದ್ದರು. ಸಕ್ಕರೆ ಮಿತಿಮೀರಿದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ನಮ್ಮ ನಗರದ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಮೇಲೆ ಆ ಹೆಸರು ಇರಬಾರದೆಂದು ಆಜ್ಞೆ ಮಾಡಿತು. ಹೆಸರೆಂದರೆ ಒಂದು ಮಾತು ಕೊಟ್ಟಂತೆ. ಕಾಯಿಲೆಯ ಮಗುವಿನ ತಾಯಿಗೆ ಕೊಟ್ಟ ಮಾತನ್ನು ತಪ್ಪುವುದಕ್ಕಿಂತ ದೊಡ್ಡ ವಂಚನೆ ಯಾವುದು? ಇದೇ ನಗರದಲ್ಲಿ ತಯಾರಾದ ರೋಟಾ ವೈರಸ್ ಲಸಿಕೆ 2016ರಿಂದ ಹಂತಹಂತವಾಗಿ ದೇಶದ ಮಕ್ಕಳಿಗೆ ಉಚಿತವಾಗಿ ದೊರೆಯತೊಡಗಿತು ಎಂಬುದನ್ನೂ ಇಲ್ಲಿ ಸಂತೋಷದಿಂದ ನೆನೆಯಬೇಕು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಕೆಲವೇ ಹನಿಗಳು. ಮರೆಯಬಾರದಷ್ಟೆ.

ನಮ್ಮ ಸಂಘದ ಹೊಸ ತಲೆಮಾರಿನ ದಂಪತಿಗಳು ಗಚ್ಚಿಬೌಲಿ, ಕೂಕಟಪಲ್ಲಿಗಳಲ್ಲಿ ಇದ್ದಾರೆ. ಇಬ್ಬರಿಗೂ ಕೆಲಸ. ಅಜ್ಜಿ ದೂರದ ಊರಿನಲ್ಲಿ, ಫೋನಿನ ಪರದೆಯ ಮೇಲೆ. ಮಗುವಿಗೆ ಹೊಟ್ಟೆ ಕೆಟ್ಟರೆ ಎಲ್ಲರ ಬೆರಳೂ ತಾಯಿಯ ಕಡೆಗೆ: ಕೆಲಸಕ್ಕೆ ಹೋಗುವುದರಿಂದ ಹೀಗಾಯಿತು, ಏನು ತಿನ್ನಿಸಿದಳೋ ಎಂದು. ನಮ್ಮ ಮನೆಯಲ್ಲಿ ಅಂದು ಯಾರೂ ಕೆಲಸಕ್ಕೆ ಹೋಗಿರಲಿಲ್ಲ, ನಾಲ್ಕು ಜನ ದಿನವಿಡೀ ಮಗುವಿನ ಸುತ್ತ ಇದ್ದೆವು, ಆದರೂ ಕಾಣಲಿಲ್ಲ. ಮನೆಯಲ್ಲಿ ಇರುವುದು ಒಂದು, ಗಮನ ಇರುವುದು ಇನ್ನೊಂದು. ಈ ಗಮನ ಹೆಂಗಸಿಗೆ ಹುಟ್ಟಿನಿಂದ ಬರುತ್ತದೆ, ಗಂಡಸಿಗೆ ಬರುವುದಿಲ್ಲ ಎಂಬುದು ಗಂಡಸರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಮಾತು. ಚಮಚ ಹಿಡಿಯಲು ಮೀಸೆ ಅಡ್ಡಬರುವುದಿಲ್ಲ.

ಅವ್ವನ ಮಾತನ್ನು ಹೇಳದೆ ಮುಗಿಸಲಾರೆವು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಎರಡು ದಿನ ಮಗುವನ್ನು ಮುಟ್ಟಲಿಲ್ಲ, ಮೂಲೆಯಲ್ಲಿ ಕುಳಿತಿದ್ದಳು. ನಾವು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಮನಸ್ಸಿನಲ್ಲಿ ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ ಹಗುರಾಗಿದ್ದೆವು; ಅದು ಅವಳಿಗೆ ಗೊತ್ತಾಗಿತ್ತು. ಮೂರನೆಯ ದಿನ ಅವಳು, "ಅವೆರಡು ಕೂಸು ಹಿಂಗೇ ಹೋದ್ವು. ನೀರು ಕೊಟ್ಟಿದ್ರ ಉಳೀತಿದ್ವೇನೋ" ಎಂದಳು. ನಮಗೆ ಮಾತೇ ಹೊರಡಲಿಲ್ಲ. ಅವಳಿಗೆ ಗೊತ್ತಿದ್ದುದನ್ನು ಅವಳು ಮಾಡಿದ್ದಳು. ಓದು ಬರಹ ಬಲ್ಲ ನಾವು, ಆ ಚಾಚಿದ ಕೈಯನ್ನು ಕಣ್ಣಾರೆ ಕಂಡ ನಾವು, ಅವಳ ಮಾತಿನ ಹಿಂದೆ ಅಡಗಿಕೊಂಡಿದ್ದೆವು. ನಮ್ಮ ಶ್ರೀಮತಿಯೇ ಎದ್ದು ಮಗುವನ್ನೂ ಚಮಚವನ್ನೂ ಅವಳ ಕೈಗೆ ಕೊಟ್ಟರು. ಆ ಮೇಲಿನ ರಾತ್ರಿಗಳಲ್ಲಿ ಅವ್ವನಷ್ಟು ತಾಳ್ಮೆಯಿಂದ ಚಮಚ ಹಿಡಿದವರು ಯಾರೂ ಇಲ್ಲ. ರಾಯಚೂರಿಗೆ ಮರಳಿದ ಮೇಲೆ ಅವಳು ಓಣಿಯ ಬಾಣಂತಿಯರಿಗೆಲ್ಲ ಉಪ್ಪು ಸಕ್ಕರೆ ನೀರಿನ ಅಳತೆ ಹೇಳಿಕೊಟ್ಟಳು: ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಔಷಧದಂಗಡಿಯ ಪೊಟ್ಟಣ ಸಿಗದಿದ್ದಾಗ ಇಂದಿಗೂ ಇದೇ ಅಳತೆ.

ಪ್ರೀತಿಯೊಂದೇ ಸಾಕೆ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಸಾಲದು. ಆದರೆ ತಾನು ತಪ್ಪಿದ್ದನ್ನು ಕೇಳಿಸಿಕೊಂಡು ಮತ್ತೆ ಕಲಿಯಲು ಕೂರುವ ಪ್ರೀತಿ ಶುಶ್ರೂಷೆಯಾಗುತ್ತದೆ. ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಮನೆಯಲ್ಲಿ ಕೂಸಿರುವ ಪ್ರತಿಯೊಬ್ಬರೂ, ಅದರಲ್ಲೂ ಅಪ್ಪಂದಿರು, ತಮ್ಮನ್ನು ತಾವೇ ಒಂದು ಮಾತು ಕೇಳಿಕೊಳ್ಳಲಿ: ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?